ಮೀಟರ್‌ನಲ್ಲಿ 1.4 ತೋರ್ಸುತ್ತೆ, ಬ್ಯಾಟ್ರಿಗೆ ಹಾಕಿದ್ರೆ ಉರಿಯಲ್ಲ. ಶೆಲ್ಲು ಎಷ್ಟು ಗಂಟೆ ಬರುತ್ತೆ ಅಂತ ಅಳೆಯೋದು ಹೆಂಗೆ?

ಹುಳುಮನೆ_ಶಿಡ್ಲಘಟ್ಟ · ಸೋಮವಾರ ರಾತ್ರಿ 9:12

ಎಲ್ರಿಗೂ ನಮಸ್ಕಾರ. ನಮ್ದು ಶಿಡ್ಲಘಟ್ಟ ಹತ್ರ ಹಳ್ಳಿ, ರೇಷ್ಮೆ ಸಾಕ್ತೀವಿ. ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ಮೇಲೆ ರಾತ್ರಿ ಹೊತ್ತೂ ಸೊಪ್ಪು ಹಾಕ್ಬೇಕು ಗೊತ್ತಲ್ಲ, ಅಪ್ಪ ರಾತ್ರಿ ಹತ್ತಕ್ಕೊಂದ್ಸಲ ಬೆಳಗಿನ ಜಾವ ನಾಲ್ಕಕ್ಕೊಂದ್ಸಲ ಬ್ಯಾಟ್ರಿ (ಟಾರ್ಚು) ಹಿಡ್ಕೊಂಡು ಹುಳುಮನೆಗೆ ಹೋಗ್ತಾರೆ. ಮನೆಯಿಂದ ಅಲ್ಲೀವರೆಗೂ ಹಿಪ್ಪುನೇರಳೆ ತೋಟದ ಮಧ್ಯೆ ಕಾಲುದಾರಿ, ಎರಡೂ ಕಡೆ ಸೊಪ್ಪು ಸೊಂಟದ ಎತ್ತರ. ಹೋದ ವಾರ ಅರ್ಧ ದಾರೀಲಿ ಬ್ಯಾಟ್ರಿ ಮಂಕಾಗಿ ಆರೇಹೋಯ್ತು, ಫೋನು ಮನೇಲಿ ಚಾರ್ಜಿಗಿತ್ತು, ಕತ್ಲಲ್ಲೇ ಕಾಲಲ್ಲಿ ದಾರಿ ಸವರ್ಕೊಂಡು ವಾಪಸ್ ಬಂದ್ರು. ಹಿಂದಿನ ತಿಂಗಳು ಅದೇ ದಾರೀಲಿ ಕೊಳಕಮಂಡಲ ಹೊಡ್ದಿದ್ವಿ, ಅದಕ್ಕೇ ನಂಗೆ ತುಂಬಾ ಭಯ ಆಯ್ತು.

ಬೆಳಿಗ್ಗೆ ಮೂರು ಪೆನ್ಸಿಲ್ ಶೆಲ್ಲನ್ನೂ ಬಿಚ್ಚಿ ಹಳದಿ ಮಲ್ಟಿಮೀಟರ್ ಇಟ್ಟು ನೋಡಿದ್ರೆ 1.38, 1.41, 1.29 ವೋಲ್ಟ್. ಇದೇನು ಸತ್ತಿರೋ ಶೆಲ್ಲಾ? ಆದ್ರೆ ಹಾಕಿದ್ರೆ ಎರಡು ನಿಮಿಷ ಉರ್ದು ಮಂಕಾಗುತ್ತೆ. ಅಂಗಡೀಲಿ ಮೂರು ಥರ ಸಿಗುತ್ತೆ, 12 ರೂಪಾಯಿದು, 32 ರೂಪಾಯಿ ಆಲ್ಕಲೈನ್, ಆಮೇಲೆ ಚಾರ್ಜ್ ಮಾಡೋದು. ಯಾವುದು ನಿಜವಾಗ್ಲೂ ಎಷ್ಟು ಗಂಟೆ ಬರುತ್ತೆ ಅಂತ ನಾನೇ ಮನೇಲಿ ಅಳೀಬೇಕು. ಹೆಂಗೆ ಮಾಡ್ಲಿ? ಕಂಪನಿ ಹೆಸರು ಹೇಳಿ ಇದು ತಗೋ ಅದು ತಗೋ ಅನ್ಬೇಡಿ, ಅಳೆಯೋದು ಹೇಳ್ಕೊಡಿ.

ರಿಪೇರಿ_ತುಮಕೂರು

ತುಂಬಾ ಸುಲಭ ಗುರು. ಮೀಟರ್ 10 ಆಂಪ್ಸಿಗೆ ಹಾಕು, ಕೆಂಪು ವೈರ್ ತೂತು ಬದಲಾಯ್ಸು, ಶೆಲ್ಲಿನ ಎರಡೂ ತುದಿಗೆ ಒಂದು ಸೆಕೆಂಡ್ ಮುಟ್ಟಿಸು. ಹೊಸಾ 12 ರೂಪಾಯಿ ಶೆಲ್ಲು ನಾಲ್ಕು ಐದು ಆಂಪ್ಸ್ ಒದೆಯುತ್ತೆ. ಒಂದರ ಕೆಳಗೆ ಬಂದ್ರೆ ಬಿಸಾಕು. ಮೂವತ್ತು ವರ್ಷದಿಂದ ಹೀಗೇ ನೋಡ್ತಿರೋದು.

ಕೋಲಾರ_ಟೊಮೇಟೊ

ಇಷ್ಟೆಲ್ಲಾ ಯಾಕಪ್ಪ, ಚಾರ್ಜಿಂಗ್ ಬ್ಯಾಟ್ರಿ ತಗೊಂಡ್ರೆ ಆಯ್ತು. ನಮ್ಗೂ ರಾತ್ರಿ ತ್ರೀ ಫೇಸ್ ಕೊಟ್ರೆ ಎರಡು ಗಂಟೆಗೆದ್ದು ಮೋಟ್ರು ಹಾಕಕ್ಕೆ ಹೋಗ್ಬೇಕು, ಶೆಲ್ಲು ಹಾಕೋದು ಬಿಟ್ಟು ಐದು ವರ್ಷ ಆಯ್ತು.

ಮೇಷ್ಟ್ರು_ಗೌರಿಬಿದನೂರು

ಒಳ್ಳೇ ಪ್ರಶ್ನೆ, ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ, ಇದು ನನ್ನ ಪಾಠದ ವಿಷಯ.

ಮೊದ್ಲು ಆ 1.4 ಯಾಕೆ ಬಂತು ಅಂತ. ಮೀಟರನ್ನ ವೋಲ್ಟಿಗಿಟ್ಟಾಗ ಅದು ಶೆಲ್ಲಿಂದ ಎಳೆಯೋ ಕರೆಂಟು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಆ ಹಳದಿ ಮೀಟರ್ ಒಳಗೆ ಸುಮಾರು 10 ಲಕ್ಷ ಓಮ್ ತಡೆ (ರೆಸಿಸ್ಟೆನ್ಸ್) ಇರುತ್ತೆ, ಒಳ್ಳೇ ಮೀಟರ್‌ಗಳಲ್ಲಿ 1 ಕೋಟಿ ಓಮ್. ಅಂದ್ರೆ ನೀವು ಶೆಲ್ಲಿಗೆ ಯಾವ ಕೆಲಸಾನೂ ಕೊಡ್ದೆ "ಹೆಂಗಿದ್ದೀಯಪ್ಪ" ಅಂತ ಕೇಳಿದ್ರಿ, ಅದು ಚೆನ್ನಾಗಿದ್ದೀನಿ ಅಂತು. ಬ್ಯಾಟ್ರಿ ಬಲ್ಬು ಹಾಗಲ್ಲ, 300 ಮಿಲಿ ಆಂಪಿಯರ್ ಎಳೆಯುತ್ತೆ ಅಂತಿಟ್ಕೊಳ್ಳಿ. ಶೆಲ್ಲಿನ ಒಳಗೇ ಒಂದು ತಡೆ ಇರುತ್ತೆ, ಹೊಸಾ ಆಲ್ಕಲೈನ್‌ನಲ್ಲಿ 0.2 ಓಮ್ ಆಸುಪಾಸು, ಖರ್ಚಾಗ್ತಾ ಆಗ್ತಾ ಅದು ಏರುತ್ತೆ. ಎರಡು ಓಮ್ ಆಗಿದೆ ಅಂದ್ರೆ 0.3 ಗುಣಿಸು 2, 0.6 ವೋಲ್ಟ್ ಒಳಗೇ ಹೋಯ್ತು. 1.4ರಲ್ಲಿ ಬಲ್ಬಿಗೆ ಉಳಿದದ್ದು 0.8. ಬಿಳೀ ಎಲ್‌ಇಡಿಗೆ ಹತ್ತಿರ ಹತ್ತಿರ 3 ವೋಲ್ಟ್ ಬೇಕು, ಮೂರು ಶೆಲ್ಲಿಂದ 2.4 ಬಂದ್ರೆ ಅದು ಹೇಗೆ ಉರಿಯುತ್ತೆ?

ಅದಕ್ಕೆ ಶೆಲ್ಲನ್ನ ಕೆಲ್ಸ ಮಾಡ್ತಿರೋವಾಗ್ಲೇ ಅಳೀಬೇಕು. 10 ಓಮಿನ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡೋ ಸಣ್ಣ ಬಿಡಿಭಾಗ) ತಗೊಳ್ಳಿ, ಒಂದು ವ್ಯಾಟಿಂದು (ಕಾಲು ವ್ಯಾಟಿಂದು ಬೇಡ, ಕೈ ಸುಡುತ್ತೆ). ಶೆಲ್ಲಿನ ಎರಡು ತುದಿಗೆ ಅದನ್ನ ಸೇರಿಸಿ ಬಿಡಿ, ಅರ್ಧರ್ಧ ಗಂಟೆಗೆ ವೋಲ್ಟ್ ಬರ್ಕೊಳ್ಳಿ, 0.9 ಬಂದಾಗ ನಿಲ್ಸಿ. ವೋಲ್ಟನ್ನ ಹತ್ತರಿಂದ ಭಾಗಿಸಿದ್ರೆ ಆ ಹೊತ್ತಿನ ಆಂಪಿಯರ್, ಅದನ್ನ ಅರ್ಧ ಗಂಟೆಯಿಂದ ಗುಣಿಸಿ ಎಲ್ಲಾ ಕೂಡ್ತಾ ಹೋಗಿ ಕೊನೇಲಿ ಸಾವಿರದಿಂದ ಗುಣಿಸಿದ್ರೆ ಶೆಲ್ಲು ಒಟ್ಟು ಎಷ್ಟು ಕೊಡ್ತು ಅಂತ ಮಿಲಿ ಆಂಪಿಯರ್ ಅವರ್ ಲೆಕ್ಕದಲ್ಲಿ ಸಿಗುತ್ತೆ. ಪುಸ್ತಕ ಪೆನ್ನು ಸಾಕು.

ರಿಪೇರಿಯವರ ವಿಧಾನ ನಾನು ಒಪ್ಪಲ್ಲ, ಅದು ಶಾರ್ಟ್ ಮಾಡೋದು. ಅಗ್ಗದ ಮೀಟರ್‌ಗಳಲ್ಲಿ 10 ಆಂಪ್ಸಿನ ತೂತಿಗೆ ಫ್ಯೂಸೇ ಇರಲ್ಲ.

ರಿಪೇರಿ_ತುಮಕೂರು

ಮೇಷ್ಟ್ರೇ ನಿಮ್ಮ ಲೆಕ್ಕ ಸರಿ, ಆದ್ರೆ ನನ್ ಅಂಗಡಿಗೆ ಗಿರಾಕಿ ಬಂದು ರೇಡಿಯೋ ಕೊಟ್ರೆ ನಾನು 20 ಗಂಟೆ ರೆಸಿಸ್ಟರ್ ಹಾಕ್ಕೊಂಡು ಕೂರಕ್ಕಾಗುತ್ತಾ? ಒಂದು ಸೆಕೆಂಡಲ್ಲಿ ಸೋತಿರೋ ಶೆಲ್ಲು ಗೊತ್ತಾಗ್ಬೇಕು. ಇವತ್ತಿನವರೆಗೂ ಒಂದು ಮೀಟರೂ ಸುಟ್ಟಿಲ್ಲ.

ಮೇಷ್ಟ್ರು_ಗೌರಿಬಿದನೂರು

ನಿಮ್ಮ ಕೈ ಪಳಗಿದ್ದು, ಒಪ್ಪಿದೆ. ಅಗ್ಗದ ಶೆಲ್ಲಿಗೆ ಒಂದು ಸೆಕೆಂಡ್ ಆದ್ರೆ ನಡೆಯುತ್ತೆ. ಆದ್ರೆ ಓದ್ತಿರೋ ಹುಡುಗರು ಅದನ್ನೇ ಚಾರ್ಜಿಂಗ್ ಶೆಲ್ಲಿಗೋ ಫೋನಿನ ಲಿಥಿಯಂ ಬ್ಯಾಟರಿಗೋ ಮಾಡಿಬಿಟ್ರೆ? ಅವು ಐದಲ್ಲ, ಅದಕ್ಕಿಂತ ತುಂಬಾ ಜಾಸ್ತಿ ಒದೆಯುತ್ತವೆ, ವೈರು ಕೆಂಪಗಾಗುತ್ತೆ. ಅದಕ್ಕೇ ಜೋರಾಗಿ ಹೇಳಿದ್ದು. ಇನ್ನೊಂದು, ನಿಮ್ಮ ವಿಧಾನ ಈ ಕ್ಷಣ ಬಲ ಇದೆಯಾ ಅಂತ ಹೇಳುತ್ತೆ, ಎಷ್ಟು ಗಂಟೆ ಉಳ್ದಿದೆ ಅಂತ ಹೇಳಲ್ಲ. ಹುಡುಗ ಕೇಳ್ತಿರೋದು ಗಂಟೆ.

ರಿಪೇರಿ_ತುಮಕೂರು

ಲಿಥಿಯಂಗೆ ಮಾಡ್ಬೇಡಿ ಅನ್ನೋದು ಸರಿ. ಯಾರೂ ಮಾಡ್ಬೇಡಿ.

ತಿಪಟೂರು_ಅಕ್ಕ

ನಮ್ಮತ್ತೆ ರಿಮೋಟ್ ಶೆಲ್ಲು ಮುಗೀತು ಅಂದ್ರೆ ತೆಗೆದು ಹಲ್ಲಲ್ಲಿ ಕಚ್ಚಿ ವಾಪಸ್ ಹಾಕ್ತಾರೆ, ಇನ್ನೂ ಎರಡು ದಿನ ಧಾರಾವಾಹಿ ನೋಡ್ಬೋದು! ನಮ್ಮೂರಲ್ಲಿ ದಪ್ಪ ಶೆಲ್ಲನ್ನ ಬಿಸಿಲಿಗಿಡೋರು, ಕಾಯಿ ಒಣಗ್ಸೋ ಅಂಗಳದಲ್ಲೇ ಕೊಬ್ರಿ ಪಕ್ಕ ಸಾಲಾಗಿ ನಿಲ್ಸಿರೋರು. ಅದೂ ಕೆಲ್ಸ ಮಾಡ್ತಿತ್ತು. ಯಾಕೆ?

ಮೇಷ್ಟ್ರು_ಗೌರಿಬಿದನೂರು

ಅಕ್ಕಾ ನಿಮ್ಮತ್ತೆಗೆ ದಯವಿಟ್ಟು ಕಚ್ಚಬೇಡಿ ಅಂತ ಹೇಳಿ. ಅಗ್ಗದ ಶೆಲ್ಲಲ್ಲಿ ಆ ಹೊರಗಿನ ಸತುವಿನ ಡಬ್ಬೀನೇ ಒಂದು ಧ್ರುವ. ಕರೆಂಟು ಕೊಡ್ತಾ ಕೊಡ್ತಾ ಆ ಡಬ್ಬೀನೇ ಸವೆದು ತೆಳ್ಳಗಾಗುತ್ತೆ, ಮೇಲೆ ಬರೀ ಕಾಗದವೋ ತಗಡೋ ಸುತ್ತಿರ್ತಾರೆ. ಸೋತ ಶೆಲ್ಲು ಅಂದ್ರೆ ತೂತು ಬೀಳೋಕೆ ಕಾಯ್ತಿರೋ ಶೆಲ್ಲು. ಹಲ್ಲು ತಾಗಿದ್ರೆ ಒಳಗಿನ ರಸ ಬಾಯಿಗೇ.

ಕಚ್ಚಿದ್ರೆ ಒಳಗಿನ ಕರೀ ಹಿಟ್ಟು ಕದಲಿ ಹೊಸ ಜಾಗ ಸಿಗುತ್ತೆ. ಬಿಸಿಲಿಗಿಟ್ರೆ ರಸಾಯನ ಕ್ರಿಯೆ ಚುರುಕಾಗುತ್ತೆ. ಆದ್ರೆ ಎಲ್ಲಕ್ಕಿಂತ ಮುಖ್ಯ ಅದಕ್ಕೆ ಸಿಕ್ಕ ವಿರಾಮ. ನಮ್ಮ ಕಡೆ ಬೋರ್ ನೋಡಿ, ಎರಡು ಗಂಟೆ ಓಡಿಸಿದ್ರೆ ನೀರು ಬಿಟ್ಟು ಬಿಟ್ಟು ಬರುತ್ತೆ, ನಿಲ್ಲಿಸಿ ಅರ್ಧ ದಿನ ಬಿಟ್ರೆ ಸುತ್ತಲಿಂದ ನೀರು ಊರಿ ಮತ್ತೆ ಒಂದು ಗಂಟೆ ಓಡುತ್ತೆ. ಹಾಗಂತ ಅಂತರ್ಜಲ ಜಾಸ್ತಿ ಆಯ್ತಾ? ಇಲ್ಲ, ಊರಿದ್ದು ಅಷ್ಟೇ. ಶೆಲ್ಲೂ ಅದೇ. ಜೋರಾಗಿ ಎಳೆದಾಗ ಕ್ರಿಯೆ ನಡೆಯೋ ಜಾಗದ ಹತ್ರದ ಮಸಾಲೆ ಮಾತ್ರ ಖಾಲಿಯಾಗುತ್ತೆ, ಬಿಟ್ರೆ ದೂರದ್ದು ನಿಧಾನಕ್ಕೆ ಹರಿದು ಬಂದು ಸಮ ಆಗುತ್ತೆ, ವೋಲ್ಟ್ ಮೇಲೇರುತ್ತೆ. ಶಿಡ್ಲಘಟ್ಟದವರು ಬೆಳಿಗ್ಗೆ ಅಳೆದು 1.41 ನೋಡಿದ್ದು ಈ ಊರಿದ ನೀರನ್ನೇ.

ಕೋಲಾರ_ಟೊಮೇಟೊ

ಬೋರ್ ಕಥೆ ಹೇಳಿ ಹೊಟ್ಟೆ ಉರಿಸ್ಬೇಡಿ ಮೇಷ್ಟ್ರೇ, ಆದ್ರೆ ಈಗ ಅರ್ಥ ಆಯ್ತು.

ಚಿಂತಾಮಣಿ_ಕೋಡರ್

ಆಲ್ಕಲೈನ್ ಆದ್ರೆ ನೆಲಕ್ಕೆ ಬೀಳ್ಸಿ ನೋಡಿ, ಹೊಸದು ಧೊಪ್ ಅಂತ ಕೂರುತ್ತೆ, ಖಾಲಿ ಆಗಿರೋದು ಪುಟಿಯುತ್ತೆ. ಮೀಟರೇ ಬೇಡ.

ಮೇಷ್ಟ್ರು_ಗೌರಿಬಿದನೂರು

ಅದನ್ನ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಕೂತು ಪರೀಕ್ಷೆ ಮಾಡಿದ್ರು. ಪುಟಿಯೋದು ನಿಜ, ಒಳಗಿನ ಸತುವಿನ ಜೆಲ್ ಆಕ್ಸೈಡ್ ಆಗಿ ಒಂದಕ್ಕೊಂದು ಅಂಟ್ಕೊಂಡು ಸ್ಪ್ರಿಂಗ್ ಥರ ಆಗುತ್ತೆ. ಆದ್ರೆ ಅರ್ಧ ಖರ್ಚಾಗೋ ಹೊತ್ತಿಗೇ ಪೂರ್ತಿ ಪುಟಿಯೋಕೆ ಶುರು ಮಾಡುತ್ತೆ, ಆಮೇಲೆ ಅದಕ್ಕಿಂತ ಜಾಸ್ತಿ ಪುಟಿಯಲ್ಲ. ಹಾಗಾಗಿ ಪುಟಿದ್ರೆ "ಹೊಸದಲ್ಲ" ಅಂತ ಮಾತ್ರ ಹೇಳ್ಬೋದು, "ಸತ್ತಿದೆ" ಅಂತ ಅಲ್ಲ. ಅರ್ಧ ಉಳಿದಿರೋ ಶೆಲ್ಲು ಬಿಸಾಕಿದಂಗಾಗುತ್ತೆ.

ಚಿಂತಾಮಣಿ_ಕೋಡರ್

ಓ ಇದು ಗೊತ್ತಿರ್ಲಿಲ್ಲ ಸರ್. ಹಂಗಾದ್ರೆ ಆರ್ಡುಯಿನೋ (ಪ್ರೋಗ್ರಾಂ ಹಾಕೋ ಸಣ್ಣ ಸರ್ಕ್ಯೂಟ್ ಬೋರ್ಡು) ಹಾಕಿ ತಾನೇ ಬರ್ಕೊಳ್ಳೋ ಹಾಗೆ ಲಾಗ್ ಮಾಡೋದು ಒಳ್ಳೇದು. ಅದು 5 ವೋಲ್ಟನ್ನ 1024 ಮೆಟ್ಲು ಮಾಡುತ್ತೆ, ಒಂದೊಂದು ಮೆಟ್ಲು 4.9 ಮಿಲಿ ವೋಲ್ಟ್, ಇದಕ್ಕೆ ಧಾರಾಳ ಸಾಕು. ರಾತ್ರಿ ಎದ್ದು ಬರ್ಕೊಳ್ಳೋ ತಾಪತ್ರಯ ಇಲ್ಲ. ಒಂದೇ ಎಚ್ಚರ, ಯುಎಸ್‌ಬಿಯಿಂದ ಬರೋ 5 ವೋಲ್ಟು ಸರಿಯಾಗಿ 5 ಇರಲ್ಲ, 4.8 ಇದ್ರೆ ಎಲ್ಲಾ ಅಂಕೀನೂ ತಪ್ಪುತ್ತೆ, ಅದಕ್ಕೆ ಮೊದ್ಲು ಅದನ್ನ ಮೀಟರ್‌ನಲ್ಲಿ ಅಳೆದು ಪ್ರೋಗ್ರಾಂನಲ್ಲಿ ಹಾಕ್ಬೇಕು.

ಹುಳುಮನೆ_ಶಿಡ್ಲಘಟ್ಟ

ಅಣ್ಣ ನನ್ ಹತ್ರ ಅದಿಲ್ಲ. ಹೆಂಗಿದ್ರೂ ರಾತ್ರಿ ಎರಡು ಸಲ ಎದ್ದೇಳ್ತೀವಿ, ತಂಗೀನೂ ಸೇರ್ಕೊಂಡಿದಾಳೆ. ನಾಳೆ ಪೇಟೆಗೆ ಹೋಗಿ ರೆಸಿಸ್ಟರ್ ತರ್ತೀನಿ.

ಕೆಜಿಎಫ್_ಮೊಮ್ಮಗ

ಇದು ಓದಿ ನಮ್ಮ ತಾತ ನೆನಪಾದ್ರು. ಕೆಜಿಎಫ್ ಚಿನ್ನದ ಗಣೀಲಿದ್ರು, ತಲೆ ಮೇಲೆ ದೀಪ, ಸೊಂಟಕ್ಕೆ ಆಸಿಡ್ ಬ್ಯಾಟರಿ ಕಟ್ಕೊಂಡು ಕೆಳಗಿಳೀತಿದ್ರಂತೆ. ಪಾಳಿ ಮುಗಿದ್ಮೇಲೆ ಮೊದ್ಲು ಲ್ಯಾಂಪ್ ರೂಮಿಗೆ ಹೋಗಿ ಅದನ್ನ ಚಾರ್ಜಿಗೆ ಕೊಟ್ಟೇ ಮನೆಗೆ ಬರ್ಬೇಕು. ಎಂಟು ಗಂಟೆ ಪಾಳಿಗೆ ಅದಕ್ಕಿಂತ ಜಾಸ್ತಿ ಹೊತ್ತು ಉರಿಯೋ ಹಾಗೆ ಇರ್ಬೇಕು, ಇಲ್ದಿದ್ರೆ ಕೆಳಗೆ ಕೈ ಚಾಚಿದ್ರೆ ಕೈ ಕಾಣಲ್ಲ ಅಂತಿದ್ರು. 1902ರಲ್ಲೇ ಶಿವನಸಮುದ್ರದಿಂದ ನಮ್ಮೂರಿಗೆ ಕರೆಂಟು ಬಂತು, ಬೆಂಗ್ಳೂರಿಗಿಂತ ಮೊದ್ಲು. ಆದ್ರೂ ಕೆಳಗೆ ತಾತನ ಪ್ರಾಣ ಇದ್ದದ್ದು ಆ ಸೊಂಟದ ಬ್ಯಾಟರೀಲಿ.

ಕೋಲಾರ_ಟೊಮೇಟೊ

ನಮ್ ಜಿಲ್ಲೆ ಹೆಮ್ಮೆ ಅದು. ಗಣಿ 2001ರಲ್ಲಿ ಮುಚ್ಚಿದ್ಮೇಲೆ ಎಲ್ಲಾ ಬೆಳಿಗ್ಗೆ ಬೆಂಗ್ಳೂರು ಟ್ರೈನು ಹತ್ತೋದೇ ಆಯ್ತು.

ಪಾವಗಡ_ಬಿಸಿಲು

ಮಧ್ಯೆ ಬಾಯಿ ಹಾಕ್ತಿದೀನಿ. ನಮ್ಮೂರ ಪಕ್ಕ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಐತೆ, ನಮ್ಮನೇಲಿ ಕರೆಂಟು ಹೋದ್ರೆ ಇನ್ವರ್ಟರೇ ಗತಿ. 150 ಎಎಚ್ (ಆಂಪಿಯರ್ ಅವರ್) ಟ್ಯೂಬ್ಯುಲರ್ ಬ್ಯಾಟರಿ. 12 ವೋಲ್ಟ್ ಗುಣಿಸು 150, 1800 ವ್ಯಾಟ್ ಅವರ್. ನಾನು 400 ವ್ಯಾಟ್ ಹಾಕ್ತೀನಿ, ನಾಲ್ಕೂವರೆ ಗಂಟೆ ಬರ್ಬೇಕಲ್ವಾ? ಎರಡೂವರೆಗೇ ಕುಂಯ್ ಅನ್ನುತ್ತೆ. ಬ್ಯಾಟರಿ ಕೊಟ್ಟವನು ಮೋಸ ಮಾಡಿದ್ನಾ?

ಮೇಷ್ಟ್ರು_ಗೌರಿಬಿದನೂರು

ಮೋಸ ಅಲ್ಲ, ಲೇಬಲ್ ಓದೋ ರೀತಿ. ಅಲ್ಲಿ ಸಿ20 ಅಂತ ಬರೆದಿರುತ್ತೆ ನೋಡಿ. 20 ಗಂಟೆ ನಿಧಾನಕ್ಕೆ ಎಳೆದ್ರೆ 150, ಅಂದ್ರೆ ಒಂದೇ ಸಮ ಏಳೂವರೆ ಆಂಪಿಯರ್. ನೀವು 400 ವ್ಯಾಟ್ ಹಾಕಿದ್ರೆ ಇನ್ವರ್ಟರ್ ತಿನ್ನೋದೂ ಸೇರಿ 40 ಆಂಪಿಯರ್ ಹತ್ತಿರ ಎಳೀತಿದ್ದೀರಿ. ಜೋರಾಗಿ ಎಳೆದಷ್ಟೂ ಒಟ್ಟು ಸಿಗೋದೇ ಕಮ್ಮಿ, ಇದನ್ನ ಪ್ಯೂಕರ್ಟ್ ಅನ್ನೋರು 1897ರಲ್ಲೇ ಲೆಕ್ಕ ಹಾಕಿ ತೋರ್ಸಿದ್ರು. ನಿಮ್ಮ ಎರಡೂವರೆ ಗಂಟೆ ಸರಿಯಾಗೇ ಇದೆ. ಡಿಸ್ಟಿಲ್ಡ್ ವಾಟರ್ ಮಟ್ಟ ಮಾತ್ರ ನೋಡ್ಕೊಳ್ಳಿ, ಬೋರ್ ನೀರು ಹಾಕ್ಬೇಡಿ.

ಪಾವಗಡ_ಬಿಸಿಲು

ಅಯ್ಯೋ ಎರಡು ವರ್ಷದಿಂದ ಅಂಗಡಿಯೋನ್ನ ಬೈಕೊಂಡು ಓಡಾಡ್ತಿದ್ದೆ. ಥ್ಯಾಂಕ್ಸ್ ಸಾರ್.

ಹುಳುಮನೆ_ಶಿಡ್ಲಘಟ್ಟ · ಗುರುವಾರ ಬೆಳಿಗ್ಗೆ 6:30

ಏನೋ ತಪ್ಪಾಗಿದೆ. ನಿನ್ನೆ ಮಧ್ಯಾಹ್ನದಿಂದ 12 ರೂಪಾಯಿ ಶೆಲ್ಲಿಗೆ ರೆಸಿಸ್ಟರ್ ಹಾಕಿದೀನಿ, ರಾತ್ರಿಯೆಲ್ಲಾ ಬರ್ಕೊಂಡಿದೀವಿ, 16 ಗಂಟೆ ಆದ್ರೂ 1.4 ಬಿಟ್ಟು ಕೆಳಗಿಳೀತಾನೇ ಇಲ್ಲ. ಅಷ್ಟು ಒಳ್ಳೇ ಶೆಲ್ಲಾ ಇದು?

ರಿಪೇರಿ_ತುಮಕೂರು

ರೆಸಿಸ್ಟರ್ ಮೇಲಿನ ಬಣ್ಣ ಹೇಳು.

ಹುಳುಮನೆ_ಶಿಡ್ಲಘಟ್ಟ

ಕಂದು, ಕಪ್ಪು, ಕಂದು, ಆಮೇಲೆ ಚಿನ್ನದ ಬಣ್ಣ.

ರಿಪೇರಿ_ತುಮಕೂರು

ಅದು ನೂರು ಓಮ್ ಕಣಪ್ಪ! ಹತ್ತಕ್ಕೆ ಕಂದು ಕಪ್ಪು ಕಪ್ಪು. ಮೂರನೇ ಪಟ್ಟಿ ಸೊನ್ನೆ ಲೆಕ್ಕ. ಅಂಗಡೀಲಿ ಡಬ್ಬಿ ತಪ್ಪಿ ಕೊಟ್ಟಿದಾರೆ. ಯಾವತ್ತೂ ರೆಸಿಸ್ಟರ್ ತಂದ ತಕ್ಷಣ ಮೀಟರ್ ಓಮಿಗಿಟ್ಟು ನೋಡು, ಕಣ್ಣು ನಂಬ್ಬೇಡ, ಕಂದೂ ಕೆಂಪೂ ದೀಪದ ಬೆಳಕಲ್ಲಿ ಒಂದೇ ಥರ ಕಾಣುತ್ತೆ.

ಮೇಷ್ಟ್ರು_ಗೌರಿಬಿದನೂರು

ಬರ್ಕೊಂಡಿದ್ದು ಎಸೀಬೇಡಿ. ಅದು ಗೋಡೆ ಗಡಿಯಾರ, ರಿಮೋಟ್ ಥರ ಸಣ್ಣ ಹೊರೆಗೆ ಶೆಲ್ಲು ಹೇಗಿರುತ್ತೆ ಅನ್ನೋದರ ದಾಖಲೆ. ಅಗ್ಗದ ಶೆಲ್ಲು ಸಣ್ಣ ಕೆಲ್ಸಕ್ಕೆ ಎಷ್ಟು ಚೆನ್ನಾಗಿ ನಿಲ್ಲುತ್ತೆ ಅಂತ ನೀವೇ ಕಂಡ್ಕೊಂಡ್ರಿ. ಅಂತಾರಾಷ್ಟ್ರೀಯ ಮಟ್ಟದಲ್ಲೂ ಒಂದೇ ಪರೀಕ್ಷೆ ಇಲ್ಲ, ಪೆನ್ಸಿಲ್ ಶೆಲ್ಲಿಗೆ ಆಟದ ಸಾಮಾನಿನ ಲೆಕ್ಕಕ್ಕೆ 3.9 ಓಮ್ ಹಾಕಿ ದಿನಕ್ಕೆ ಒಂದು ಗಂಟೆ 0.8 ವೋಲ್ಟ್ ತನಕ, ರೇಡಿಯೋ ಥರದ್ದಕ್ಕೆ ಹಿಂದೆ 43 ಓಮ್ ಹಾಕಿ ದಿನಕ್ಕೆ ನಾಲ್ಕು ಗಂಟೆ 0.9 ತನಕ, ಹೀಗೆ ಬೇರೆ ಬೇರೆ. ಯಾವ ಕೆಲ್ಸಕ್ಕೆ ಅಂತ ಹೇಳ್ದೆ ಶೆಲ್ಲು ಎಷ್ಟು ಗಂಟೆ ಬರುತ್ತೆ ಅನ್ನೋ ಪ್ರಶ್ನೆಗೆ ಉತ್ತರವೇ ಇಲ್ಲ. ನಿಮ್ಮಪ್ಪ ಒಂದೇ ಸಮ ಉರಿಸಲ್ಲ ಅಲ್ವಾ, ಹಾಗಾಗಿ ಇನ್ನೊಂದು ಶೆಲ್ಲನ್ನ ದಿನಕ್ಕೆ ಒಂದೇ ಗಂಟೆ 10 ಓಮಿಗೆ ಹಾಕಿ, ತೆಗೆದಿಡಿ, ಮತ್ತೆ ಮಾರನೇ ದಿನ ಹಾಕಿ.

ಮಧುಗಿರಿ_ಸಿಸ್ಟರ್

ಶೆಲ್ಲಿನ ವಿಷ್ಯ ಬಂದಿದೆ ಅಂತ ಹೇಳ್ತೀನಿ, ನಾನು ಆಸ್ಪತ್ರೇಲಿ ಕೆಲ್ಸ ಮಾಡೋದು. ನಾಣ್ಯದ ಥರ ಇರುತ್ತಲ್ಲ ಸಿಆರ್2032, ತೂಕದ ಮೆಷಿನ್, ಕಾರಿನ ಕೀ, ಮಕ್ಕಳ ಆಟದ ಸಾಮಾನಲ್ಲಿ ಇರೋದು, ಅದನ್ನ ಮಗು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ ಎರಡೇ ಗಂಟೇಲಿ ಒಳಗೆ ಸುಟ್ಟು ಗಾಯ ಆಗ್ಬೋದು. "ಹಳೇ ಶೆಲ್ಲು, ಕರೆಂಟಿಲ್ಲ" ಅಂತ ಸುಮ್ನಾಗ್ಬೇಡಿ, ಮೇಷ್ಟ್ರು ಹೇಳಿದ ಹಾಗೆ ಕೆಲ್ಸಕ್ಕೆ ಬಾರದ ಶೆಲ್ಲಲ್ಲೂ ವೋಲ್ಟ್ ಉಳಿದಿರುತ್ತೆ, ಮಗುವಿನ ಗಂಟಲಿಗೆ ಅಷ್ಟೇ ಸಾಕು. ಅನುಮಾನ ಬಂದ್ರೂ ತಕ್ಷಣ ಆಸ್ಪತ್ರೆ, ನಾಳೆ ನೋಡೋಣ ಅಂತ ಅಲ್ಲ.

ತಿಪಟೂರು_ಅಕ್ಕ

ಸಿಸ್ಟರ್ ತುಂಬಾ ಉಪಕಾರ ಆಯ್ತು, ನಮ್ಮ ಮನೆ ಟಿವಿ ಮೇಜಿನ ಡ್ರಾಯರ್‌ನಲ್ಲಿ ನಾಲ್ಕು ಬಿದ್ದಿತ್ತು, ಈಗ್ಲೇ ಮೇಲೆತ್ತಿಟ್ಟೆ.

ಹುಳುಮನೆ_ಶಿಡ್ಲಘಟ್ಟ · ಶುಕ್ರವಾರ ರಾತ್ರಿ

ಸರಿಯಾದ ರೆಸಿಸ್ಟರ್ ಸಿಕ್ತು. ಇನ್ನೊಂದು ತೊಂದ್ರೆ, ಶೆಲ್ಲು ಕೂರ್ಸೋ ಪ್ಲಾಸ್ಟಿಕ್ ಮನೆ ಹಳೇ ಟಾರ್ಚಿಂದು ಕಿತ್ತಿದ್ದು, ಅದರ ಸ್ಪ್ರಿಂಗಿನ ಬುಡದಲ್ಲಿ ಹಸಿರು ಪಾಚಿ ಕಟ್ಟಿದಂಗಿದೆ. ಬೆರಳಲ್ಲಿ ಒತ್ತಿದ್ರೆ 1.31, ಬಿಟ್ರೆ 1.22, ಮತ್ತೆ ಒತ್ತಿದ್ರೆ 1.30. ನಿಂಬೆಹಣ್ಣು ಹಾಕಿ ಉಜ್ಲಾ?

ರಿಪೇರಿ_ತುಮಕೂರು

ಬಿಳೀ ಪುಡಿ ಕಟ್ಟಿದ್ರೆ ಆಲ್ಕಲೈನ್ ಸೋರಿದ್ದು, ಅದು ಕ್ಷಾರ, ಅದಕ್ಕೆ ನಿಂಬೆ ಇಲ್ಲಾ ವಿನೆಗರ್ ಸರಿ. ಅಗ್ಗದ ಶೆಲ್ಲು ಸೋರಿದ್ರೆ ಅದೇ ಹುಳಿ, ಅದಕ್ಕೆ ಮತ್ತೆ ಹುಳಿ ಹಾಕಿ ಏನು ಬಂತು, ಒದ್ದೆ ಬಟ್ಟೇಲಿ ಒರ್ಸಿ ಒಣಗ್ಸಿ ಮರಳು ಕಾಗದ ಹಾಕು. ಆದ್ರೆ ನನ್ ಮಾತು ಕೇಳು, ಅದನ್ನ ಬಿಟ್ಟು ಶೆಲ್ಲಿಗೇ ವೈರ್ ಒತ್ತಿ ಸೈಕಲ್ ಟ್ಯೂಬ್ ರಬ್ಬರ್ ಬಿಗಿ. ಮೀಟರ್ ವೈರಿನ ಮೊನೆಯನ್ನ ಶೆಲ್ಲಿನ ಲೋಹಕ್ಕೇ ಇಡು, ವೈರಿಗಲ್ಲ. ಆಗ ಸ್ಪ್ರಿಂಗು ತಿನ್ನೋ ವೋಲ್ಟು ಲೆಕ್ಕಕ್ಕೆ ಬರಲ್ಲ.

ಮೇಷ್ಟ್ರು_ಗೌರಿಬಿದನೂರು

ರಿಪೇರಿ ಸ್ವಾಮಿ, ಈ ಒಂದು ಸಲಹೆಗೆ ನಿಮಗೆ ಕೈ ಮುಗೀತೀನಿ. ಲ್ಯಾಬ್‌ಗಳಲ್ಲೂ ಇದನ್ನೇ ಮಾಡೋದು, ಕರೆಂಟಿಗೆ ಬೇರೆ ಜೋಡಿ ವೈರು, ಅಳತೆಗೆ ಬೇರೆ ಜೋಡಿ.

ಹುಳುಮನೆ_ಶಿಡ್ಲಘಟ್ಟ · ಬುಧವಾರ ಸಂಜೆ

ಮುಗೀತು! ನೋಟ್‌ಬುಕ್ಕಲ್ಲಿ ಹನ್ನೊಂದು ಪುಟ ಆಗಿದೆ. ಹುಳಾನೂ ಹಣ್ಣಾಗಿ ನಿನ್ನೆ ಚಂದ್ರಿಕೆಗೆ (ಗೂಡು ಕಟ್ಟೋ ತಟ್ಟೆ) ಹಾಕಿದ್ವಿ, ಈಗ ಸ್ವಲ್ಪ ಬಿಡುವು, ಎಲ್ಲಾ ಬರೀತೀನಿ.

12 ರೂಪಾಯಿ ಶೆಲ್ಲು, 10 ಓಮ್, ಒಂದೇ ಸಮ. ಹೊರೆ ಇಲ್ದೆ 1.60 ಇತ್ತು, ರೆಸಿಸ್ಟರ್ ಇಟ್ಟ ತಕ್ಷಣ 1.45ಕ್ಕೆ ಬಿತ್ತು. ಒಂದು ಗಂಟೆಗೆ 1.23, ಎರಡಕ್ಕೆ 1.14, ಮೂರಕ್ಕೆ 1.05, ನಾಲ್ಕಕ್ಕೆ 0.95, ನಾಲ್ಕೂವರೆಗೆ 0.89. ಕೂಡಿದ್ರೆ 500 ಮಿಲಿ ಆಂಪಿಯರ್ ಅವರ್ ಚಿಲ್ಲರೆ. ಅದನ್ನೇ ತೆಗೆದಿಟ್ಟು ಬೆಳಿಗ್ಗೆ ನೋಡಿದ್ರೆ ಮತ್ತೆ 1.3 ಮೇಲೆ ಬಂದು ಕೂತಿದೆ! ಮೇಷ್ಟ್ರ ಬೋರ್‌ವೆಲ್ಲು ಕಣ್ಣಾರೆ ಕಂಡೆ. ಇನ್ನೊಂದು ಅದೇ ಥರದ್ದು ದಿನಕ್ಕೊಂದು ಗಂಟೆ ಹಾಕಿದ್ದು ಒಟ್ಟು ಆರು ಗಂಟೆ ಹತ್ರ ಬಂತು.

ಆಲ್ಕಲೈನ್ ಶನಿವಾರ ಸಂಜೆ ಐದಕ್ಕೆ ಶುರು ಮಾಡಿದ್ದು. ಇಟ್ಟಾಗ 1.53, ಐದು ಗಂಟೆಗೆ 1.27, ಹತ್ತಕ್ಕೆ 1.19, ಹದಿನೈದಕ್ಕೆ 1.10, ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ 0.90. ಹತ್ತೊಂಬತ್ತೂವರೆ ಗಂಟೆ. ರಾತ್ರಿ ಎರಡರಿಂದ ನಾಲ್ಕರವರೆಗಿನದ್ದು ತಂಗಿ ಅಲಾರಂ ಇಟ್ಕೊಂಡು ಎದ್ದು ಬರ್ದಿದ್ದು, ಅವಳ ಅಕ್ಷರ ನಿದ್ದೇಲಿ ಗೆರೆ ಬಿಟ್ಟು ಕೆಳಗೆ ಜಾರಿದೆ, ಆದ್ರೆ ಒಂದು ಅಂಕೀನೂ ಬಿಟ್ಟಿಲ್ಲ.

ಚಾರ್ಜಿಂಗ್ ಶೆಲ್ಲು, ಮೇಲೆ 2000 ಅಂತ ಬರ್ದಿರೋದು. ಇಟ್ಟಾಗ 1.32, ಒಂದು ಗಂಟೆಗೆ 1.28, ಆಮೇಲೆ ಮಧ್ಯಾಹ್ನ ಎಲ್ಲಾ 1.25, 1.24, 1.23, ಮೀಟರ್ ಕೆಟ್ಟಿದ್ಯಾ ಅನ್ನಿಸ್ಬಿಡ್ತು. ಹದಿನೈದು ಗಂಟೆಗೆ 1.18. ಹದಿನಾರಾಗೋಕೆ ಹತ್ತು ನಿಮಿಷ ಇದ್ದಾಗ 1.00, ಅಲ್ಲಿಗೇ ನಿಲ್ಸಿದೆ. ಒಟ್ಟು 1960 ಮಿಲಿ ಆಂಪಿಯರ್ ಅವರ್. ಬರ್ದಷ್ಟೇ ಕೊಡ್ತು.

ಲೆಕ್ಕ ಹಾಕಿದ್ರೆ 12 ರೂಪಾಯಿದು ಗಂಟೆಗೆ 2 ರೂಪಾಯಿ 67 ಪೈಸೆ, ಬಿಟ್ಟು ಬಿಟ್ಟು ಹಾಕಿದ್ರೂ 2 ರೂಪಾಯಿ. 32 ರೂಪಾಯಿದು 1 ರೂಪಾಯಿ 64. ಅಗ್ಗ ಅಂತ ತಂದದ್ದೇ ದುಬಾರಿ. ಕಂಪನಿ ಹೆಸರು ನಾನೂ ಹೇಳಲ್ಲ, ಒಂದೊಂದೇ ಶೆಲ್ಲು ಅಳೆದು ಹೆಸರು ಹೇಳೋದು ನ್ಯಾಯ ಅಲ್ಲ.

ಚಿಂತಾಮಣಿ_ಕೋಡರ್

ಸೂಪರ್ ಕಣೋ! ಚಾರ್ಜಿಂಗ್ ಶೆಲ್ಲು 1.2 ವೋಲ್ಟು, ಅದರಲ್ಲಿ ಬಲ ಇಲ್ಲ ಅಂತ ನಾನು ಇಷ್ಟು ದಿನ ವಾದ ಮಾಡ್ತಿದ್ದೆ. ನಿನ್ನ ಅಂಕಿ ನೋಡಿದ್ರೆ ಆಲ್ಕಲೈನ್ ಹತ್ತು ಗಂಟೆ ಆಗೋಷ್ಟರಲ್ಲೇ 1.2 ಕೆಳಗಿಳ್ದಿದೆ, ಇದು ಹತ್ತಿರ ಹತ್ತಿರ ಕೊನೇವರೆಗೂ ಮೇಲೇ ಇದೆ.

ಕೋಲಾರ_ಟೊಮೇಟೊ

ನಾನು ಮೊದ್ಲೇ ಅಂದೆ ಚಾರ್ಜಿಂಗ್ ತಗೋ ಅಂತ.

ಹುಳುಮನೆ_ಶಿಡ್ಲಘಟ್ಟ

ಅಂದ್ರಿ ಅಣ್ಣ, ಒಪ್ಪಿದೆ. ಆದ್ರೆ ಅಪ್ಪ ಈ ಪುಟ ನೋಡಿ ಒಂದು ಮಾತು ಕೇಳಿದ್ರು. "ಈ 12 ರೂಪಾಯಿದು ನಿಧಾನಕ್ಕೆ ಮಂಕಾಗುತ್ತೆ, ಆಗ ನಂಗೆ ಗೊತ್ತಾಗುತ್ತೆ ಇವತ್ತೋ ನಾಳೆಯೋ ಬದಲಾಯಿಸ್ಬೇಕು ಅಂತ. ಇದು ಕೊನೇ ಗಳಿಗೆವರೆಗೂ ಒಂದೇ ಥರ ಉರ್ದು ಧಡಕ್ ಅಂತ ಆರಿದ್ರೆ, ನಾನು ತೋಟದ ಮಧ್ಯೆ ಇರ್ತೀನಲ್ಲ?" ನಂಗೆ ಉತ್ತರ ಹೊಳೀಲಿಲ್ಲ.

ಮೇಷ್ಟ್ರು_ಗೌರಿಬಿದನೂರು

ನಿಮ್ಮಪ್ಪ ಆ ಗ್ರಾಫನ್ನ ನನಗಿಂತ ಚೆನ್ನಾಗಿ ಓದಿದಾರೆ. ನಾನು ಇಷ್ಟು ವರ್ಷ ಆ ಸಪಾಟಾದ ಗೆರೆಯನ್ನ ಒಳ್ಳೇ ಗುಣ ಅಂತಲೇ ಪಾಠ ಮಾಡಿದೀನಿ, ಅದರಲ್ಲಿ ಎಚ್ಚರಿಕೆ ಸಿಗಲ್ಲ ಅನ್ನೋದನ್ನ ಹೇಳೇ ಇರ್ಲಿಲ್ಲ. ಚಾರ್ಜಿಂಗ್ ಹಾಕಿದ್ರೆ ಮಂಕಾಗೋವರೆಗೂ ಕಾಯೋ ಹಾಗಿಲ್ಲ, ದಿನ ಲೆಕ್ಕ ಇಟ್ಕೊಂಡು ಚಾರ್ಜ್ ಮಾಡ್ಬೇಕು. ಸುಮ್ಮನಿಟ್ರೂ ಹಳೇ ಮಾದರಿಯವು ದಿನದಿನಕ್ಕೆ ಸೋರ್ತವೆ. 2005ರಿಂದ ಈಚೆಗೆ ಬಂದ ಕಮ್ಮಿ ಸೋರೋ ಮಾದರೀನೇ ತಗೊಳ್ಳಿ, ಅದು ತಿಂಗಳುಗಟ್ಲೆ ಇಟ್ರೂ ಬಹುಪಾಲು ಉಳಿದಿರುತ್ತೆ.

ರಿಪೇರಿ_ತುಮಕೂರು

ಮೂರು ಶೆಲ್ಲೂ ಒಂದೇ ದಿನ ತಂದಿದ್ದು, ಒಂದೇ ಥರದ್ದು ಹಾಕು. ಹಳೇದು ಎರಡು ಹೊಸದೊಂದು ಸೇರಿಸ್ಬೇಡ. ಸೋತಿರೋದನ್ನ ಉಳಿದೆರಡು ಒತ್ತಿ ಉಲ್ಟಾ ತಿರುಗ್ಸಿಬಿಡ್ತವೆ, ಆಮೇಲೆ ಅದೇ ಸೋರಿ ಬ್ಯಾಟ್ರಿ ತಿನ್ನೋದು. ನಿಂದು ಮೊದಲನೇ ಪೋಸ್ಟಲ್ಲಿ 1.38, 1.41, 1.29 ಅಂದಿದ್ಯಲ್ಲ, ಆ 1.29ರದ್ದೇ ಕಳ್ಳ.

ತಿಪಟೂರು_ಅಕ್ಕ

ಮುಗಿದ ಶೆಲ್ಲು ಏನು ಮಾಡ್ತೀರಾ? ನಾವು ಇಸ್ಕೂಲಲ್ಲಿದ್ದಾಗ ದಪ್ಪ ಶೆಲ್ಲು ಒಡೆದು ಆ ಕರೀಮಸಿಗೆ ಸೊಪ್ಪಿನ ರಸ ಕಲಸಿ ಬೋರ್ಡಿಗೆ ಬಳೀತಿದ್ವಿ, ಕೈಯೆಲ್ಲಾ ವಾರ ಕಪ್ಪು. ಈಗ ಮಕ್ಕಳ ಕೈಗೆ ಕೊಡಕ್ಕೆ ಭಯ.

ಮೇಷ್ಟ್ರು_ಗೌರಿಬಿದನೂರು

ಒಡೀಬೇಡಿ, ಒಲೆಗಂತೂ ಹಾಕ್ಲೇಬೇಡಿ, ಸಿಡಿಯುತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ತಯಾರು ಮಾಡಿದವರೇ ವಾಪಸ್ ಸಂಗ್ರಹಿಸ್ಬೇಕು. ಹಳ್ಳೀಲಿ ಯಾರು ತಗೋತಾರೆ ಅಂದ್ರೆ ನಿಜಕ್ಕೂ ಕಷ್ಟ ಇದೆ, ಅದು ನನಗೆ ತುಂಬಾ ಬೇಜಾರಿನ ವಿಷ್ಯ. ನಮ್ಮ ಶಾಲೇಲಿ ಮಕ್ಕಳು ತಂದದ್ದನ್ನ ಪ್ಲಾಸ್ಟಿಕ್ ಡಬ್ಬೀಲಿ ಹಾಕಿಟ್ಟು ಬೆಂಗ್ಳೂರಿಗೆ ಹೋಗೋರ ಕೈಲಿ ಇ-ತ್ಯಾಜ್ಯ ತಗೊಳ್ಳೋ ಕಡೆ ಕಳಿಸ್ತೀವಿ.

ಶಿಡ್ಲಘಟ್ಟದವರೇ, ಆ ಹನ್ನೊಂದು ಪುಟದ ಫೋಟೋ ಕಳಿಸ್ತೀರಾ? ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಗ್ರಾಫ್ ಹಾಕ್ಸಬೇಕು. ತಂಗಿ ಜಾರಿಸಿ ಬರ್ದಿರೋ ಪುಟಾನೂ ಸೇರ್ಸಿ, ಅಳತೆ ಅಂದ್ರೆ ಏನು ಅಂತ ಅವರಿಗೆ ಗೊತ್ತಾಗ್ಲಿ.

ಹುಳುಮನೆ_ಶಿಡ್ಲಘಟ್ಟ

ಖಂಡಿತ ಸರ್, ಗೂಡು ಬಿಡ್ಸಿ ಮಾರ್ಕೆಟ್ಟಿಗೆ ಹಾಕಿ ಬಂದ ಮಾರನೇ ದಿನ ನಾನೇ ತಂದ್ಕೊಡ್ತೀನಿ, ಬೈಕಲ್ಲಿ ಬರ್ತೀನಿ. ತಂಗೀನೂ ಬರ್ತಾಳಂತೆ.

ಬ್ಯಾಟ್ರಿ ವಿಷ್ಯ ಅಪ್ಪನೇ ತೀರ್ಮಾನ ಮಾಡಿದ್ರು. ಕೈಯಲ್ಲಿ ಹಿಡ್ಕೊಳ್ಳೋದಕ್ಕೆ ಚಾರ್ಜಿಂಗ್ ಶೆಲ್ಲು, ಪ್ರತಿ ಭಾನುವಾರ ಚಾರ್ಜಿಗೆ. ಹಳೇ ಬ್ಯಾಟ್ರಿಗೆ ಹೊಸ ಆಲ್ಕಲೈನ್ ಮೂರು ಹಾಕಿ ಹುಳುಮನೆ ಬಾಗಿಲ ಪಕ್ಕ ಮೊಳೆಗೆ ನೇತು ಹಾಕಿದಾರೆ, ಇನ್ನೊಂದು ಮೊಳೆ ದಾರಿ ಮಧ್ಯದ ಬೇವಿನ ಮರಕ್ಕೆ ಹೊಡೀತೀನಿ ಅಂತಿದಾರೆ, ಮಳೆ ತಾಗದ ಹಾಗೆ ಡಬ್ಬಿ ಹುಡುಕ್ತಿದೀವಿ.

ರಿಪೇರಿ_ತುಮಕೂರು

ಎಣ್ಣೆ ಕ್ಯಾನು ಅರ್ಧ ಕತ್ತರಿಸಿ ಬೋರಲು ಹಾಕು, ಸಾಕು.